ಗರ್ ಅನ್ನದ ಬಯಲು

೧೧-೧-೮೮, ಸೋಮವಾರ

ಕರಬಸಪ್ಪ ಸಾಹೇಬರು ಎರಡು ನೋಟುಬುಕ್ಕು ಕೊಟ್ಟರು. ಒಂದರಲ್ಲಿ ಕೆಲಸದ್ದು ಬರೆಯಬೇಕು. ಇನ್ನೊಂದು ಹೆಚ್ಚಿಗೆ ಬಂದದ್ದು, ನೀವೇ ಇಟ್ಟುಕೊಳ್ಳಿ ಎಂದರು. ಸರ್ಕಾರದ ನೋಟುಬುಕ್ಕು ಹಾಗೆ ಮನೆಯಲ್ಲಿ ಇಟ್ಟುಕೊಳ್ಳಬಹುದೇ? ಖಾಲಿ ಇಟ್ಟರೆ ಕದ್ದದ್ದು ಅಂದಾರು ಎಂದು ಬರೆಯಲು ಕೂತಿದ್ದೇನೆ. ಬರೆದ ಮೇಲೆ ಕೆಡಿಸಿದ್ದು ಅಂದರೆ ಏನು ಮಾಡುವುದು ಎಂದು ಈಗ ಹೊಳೆಯುತ್ತಿದೆ.

ನಡೆದದ್ದು ಇಷ್ಟು. ಹಲಗೇರಿಯಲ್ಲಿ ನನ್ನದೊಂದು ಅಂಗಡಿ. ಸುಟ್ಟ ಪಂಪುಸೆಟ್ಟು ತಂದರೆ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುತ್ತೇನೆ. ಬೆಳಿಗ್ಗೆ ಅಂಗಡಿಯ ಮುಂದೆ ಜೀಪು ನಿಂತಿತು. ಜೀಪು ಕಂಡರೆ ನಾನು ಮೊದಲು ಹಿಂಬಾಗಿಲು ತೆರೆದಿದೆಯೇ ಎಂದು ನೋಡುತ್ತೇನೆ. ಇಳಿದವರು ಕರಬಸಪ್ಪ ಸಾಹೇಬರು. ದೊಡ್ಡ ವಿಜ್ಞಾನಿ, ಆದರೂ ನಮ್ಮ ಗುತ್ತಲದವರೇ.

"ಮಾಲತೇಶಪ್ಪ ಅಂದ್ರ ನೀವ ಏನ್ರಿ? ಈ ಭಾಗದಾಗ ಯಾವ ಬಾವ್ಯಾಗ ಯಾವ ಮೋಟಾರ ಐತಿ ಅಂತ ನಿಮಗ ಬಾಯಾಗ ಐತಂತ?"

"ನಾ ಏನೂ ಮಾಡಿಲ್ರಿ ಸಾಹೇಬ್ರ" ಎಂದೆ.

ಅವರು ನಕ್ಕು, ಅಂಗಡಿಯ ಮುರುಕು ಸ್ಟೂಲಿನ ಮೇಲೆ ಕೂತು ಎಲ್ಲ ಬಿಡಿಸಿ ಹೇಳಿದರು. ಮೇಡ್ಲೇರಿಯ ಆಚೆ, ಚಿಕ್ಕಹಾಳದ ಬಯಲಿನಲ್ಲಿ ಹಿಟ್ಟು ನಾದುವ ತಟ್ಟೆಯಂಥ ಮೂವತ್ತು ದೊಡ್ಡ ಪರಾತಗಳನ್ನು ಆಕಾಶಕ್ಕೆ ಮುಖ ಮಾಡಿ ನಿಲ್ಲಿಸುವ ಯೋಜನೆ ಇದೆಯಂತೆ. ಒಂದೊಂದು ಪರಾತದೊಳಗೆ ಎರಡು ಮನೆ ಕೂರುತ್ತವೆ. ಅವು ನಕ್ಷತ್ರಗಳ ಸದ್ದು ಕೇಳುತ್ತವೆ. ನಮ್ಮ ಕಿವಿಗೆ ಕೇಳುವ ಸದ್ದಲ್ಲ, ರೇಡಿಯೋಕ್ಕೆ ಕೇಳುವ ಸದ್ದು. ಅದು ಎಷ್ಟು ಸಣ್ಣದೆಂದರೆ ಎಲ್ಲೋ ಒಂದು ಸಡಿಲ ತಂತಿ ಕಿಡಿ ಹಾರಿಸಿದರೂ ಮುಚ್ಚಿಹೋಗುತ್ತದೆ. ಆದ್ದರಿಂದ ಸುತ್ತ ಹತ್ತು ಮೈಲಿಯಲ್ಲಿ ಎಲ್ಲೆಲ್ಲಿ ಕಿಡಿ ಹಾರುತ್ತದೆ ಎಂದು ಪಟ್ಟಿ ಮಾಡಬೇಕು. ಬಯಲು ಪಾಸಾದರೆ ನನಗೆ ಪರ್ಮನೆಂಟ್ ನೌಕರಿ. ಇಲ್ಲದಿದ್ದರೆ ಮತ್ತೆ ಹಲಗೇರಿ, ಮತ್ತೆ ಸುಟ್ಟ ಮೋಟಾರು.

"ಸಾಹೇಬ್ರ, ನನ್ನ ಸಾಲಿ ಮೂರ ಸಲ ಮುರದೈತ್ರಿ. ಐದನೇದಾಗ ಒಮ್ಮೆ, ಏಳನೇದಾಗ ಒಮ್ಮೆ, ಒಂಬತ್ತರಾಗ ಪೂರಾ."

"ಮುರದದ್ದು ಜೋಡಸೂದ ನಿಮ್ಮ ಉದ್ಯೋಗ ಅಲ್ಲೇನ್ರಿ? ಬರ್ರಿ ಸುಮ್ಮನ."

ಮನೆಗೆ ಬಂದು ಮಂಗಳವ್ವಳಿಗೆ ಹೇಳಿದೆ. ಹೆಂಡತಿಯಾದವಳು ಖುಷಿಪಡಬೇಕು. "ಚಿಂತಿ ಮಾಡಾಕ ಹೊಸಾ ಜಾಗಾ ಸಿಕ್ತು ನೋಡ್ರಿ ನಿಮಗ. ಹಳೇದು ತುಂಬಿ ಹೋಗಿತ್ತು" ಎಂದಳು.

ಬಯಲಲ್ಲಿ ಹಾವಿದ್ದರೆ? ಪಟ್ಟಿಯಲ್ಲಿ ಒಂದು ಮೋಟಾರು ಬಿಟ್ಟುಹೋದರೆ? ಪರಾತ ಗಾಳಿಗೆ ಮಗುಚಿ ಯಾರ ಮೇಲಾದರೂ ಬಿದ್ದರೆ ನನ್ನನ್ನು ಹಿಡಿಯುತ್ತಾರೆಯೇ? ನಾನು ಬರೀ ಪಟ್ಟಿಯವನು ಎಂದರೆ ಕೇಳುತ್ತಾರೆಯೇ? ಪರಾತದಲ್ಲಿ ಮಳೆ ನೀರು ನಿಂತು ಸೊಳ್ಳೆ ಆದರೆ?

೧೬-೧-೮೮, ಶನಿವಾರ

ಕೆಲಸದ ರೀತಿ ಹೀಗೆ. ಟ್ರಾನ್ಸಿಸ್ಟರನ್ನು ಯಾವ ಸ್ಟೇಷನ್ನೂ ಹಿಡಿಯದ ಜಾಗಕ್ಕೆ ತಿರುಗಿಸಿ ಇಡಬೇಕು. ಹತ್ತಿರ ಎಲ್ಲಿಯಾದರೂ ಕಿಡಿ ಹಾರಿದರೆ ಅದು ಗರ್ ಎನ್ನುತ್ತದೆ. ಎದೆಗೆ ಹಿಡಿದುಕೊಂಡು ಮೈ ತಿರುಗಿಸುತ್ತ ಹೋದರೆ ಗರ್ ಎನ್ನುವುದು ಒಂದು ದಿಕ್ಕಿಗೆ ಕಡಿಮೆಯಾಗುತ್ತದೆ, ಒಂದು ದಿಕ್ಕಿಗೆ ಹೆಚ್ಚಾಗುತ್ತದೆ. ಅದೇ ಜಾಡು ಹಿಡಿದು ನಡೆಯಬೇಕು. ಸಾಹೇಬರ ಹತ್ತಿರ ಮುಳ್ಳು ಆಡುವ ದೊಡ್ಡ ಯಂತ್ರ ಇದೆ, ಆದರೆ ನನ್ನ ಟ್ರಾನ್ಸಿಸ್ಟರು ಅದಕ್ಕಿಂತ ಮೊದಲೇ ಹೇಳಿಬಿಡುತ್ತದೆ. ಇದನ್ನು ಸಾಹೇಬರೇ ಅಂದರು.

ಮೊದಲ ದಿನ ಎಲ್ಲಿ ಹೋದರೂ ಗರ್. ಗುಡ್ಡ ಹತ್ತಿದರೂ ಗರ್, ಹಳ್ಳ ಇಳಿದರೂ ಗರ್. ನನಗೆ ಬೆವರು ಬಿಟ್ಟಿತು. ಆಮೇಲೆ ಗೊತ್ತಾಯಿತು, ಅದು ನಾವು ಕೂತ ಪೆಟ್ರೋಲು ಜೀಪೇ. ದಿಲ್ಲಿಗೆ ಹೋಗುವ ಪಟ್ಟಿಯಲ್ಲಿ ಒಂದನೇ ನಂಬರು ಅದನ್ನೇ ಬರೆದೆ. ಜೀಪು ಇಸಾಕಸಾಬನದು, ರಾಣೇಬೆನ್ನೂರಿನಿಂದ ಬಾಡಿಗೆಗೆ ಬಂದದ್ದು.

"ಏ ಮಿಸ್ತ್ರಿ, ನನ್ನ ಜೀಪಿನ ಹೆಸರು ದಿಲ್ಲಿಗೆ ಹೋಗತೈತೇನು?"

"ಹೋಗತೈತಿ."

"ಹಂಗಾರ ತಡಿ, ಬಣ್ಣಾ ಹಚ್ಚಸ್ತೇನಿ."

ಸಾಹೇಬರು ಬಿದ್ದು ಬಿದ್ದು ನಕ್ಕರು. ಇನ್ನು ಮುಂದೆ ಅರ್ಧ ಮೈಲಿ ದೂರದಲ್ಲಿ ಜೀಪು ನಿಲ್ಲಿಸಿ ನಡೆಯುವುದು ಎಂದು ತೀರ್ಮಾನವಾಯಿತು.

೨೫-೧-೮೮, ಸೋಮವಾರ

ಚಿಕ್ಕಹಾಳದ ಬಯಲಿನಲ್ಲಿ ಗರ್ ಇಲ್ಲ. ಒಂಚೂರೂ ಇಲ್ಲ. ಬಾವಿಗಳಿವೆ, ಮೋಟಾರುಗಳಿವೆ, ಅವುಗಳಲ್ಲಿ ಎಂಟು ಹತ್ತಕ್ಕೆ ನಾನೇ ತಂತಿ ಸುತ್ತಿದ್ದೇನೆ. ಆದರೆ ಒಂದೂ ಓಡುತ್ತಿಲ್ಲ. ಕಾರಣ ಕೇಳಿದರೆ "ನೀರ ಸಾಕಾಗ್ಯಾವ್ರಿ" ಎನ್ನುತ್ತಾರೆ. ಮೆಣಸಿನಕಾಯಿ ಬಿಡಿಸಿ ಒಣಹಾಕಿದ್ದಾರೆ, ಇರಬಹುದು. ಹೊಲವೆಲ್ಲ ಕೆಂಪಗೆ ಹಾಸಿದಂತಿದೆ. ಗುಡ್ಡದ ತಿರುವಿನಿಂದ ನೋಡಿದರೆ ಉಚ್ಚಂಗೆವ್ವನ ಹೊಲದಲ್ಲಿ ಮೆಣಸಿನಕಾಯಿಯ ಮೇಲೆ ಒಂದು ಬಿಳಿ ಧೋತರ ಹಾಸಿದ್ದು ಎದ್ದು ಕಾಣುತ್ತದೆ. ನಮ್ಮ ಜೀಪಿನ ಧೂಳು ಬೀಳಬಾರದೆಂದು ಮುಚ್ಚುತ್ತಾರೋ ಏನೋ. ನಮ್ಮಿಂದ ಅವರಿಗೆ ತ್ರಾಸು ಎಂದು ಮನಸ್ಸಿಗೆ ಕಸಿವಿಸಿಯಾಯಿತು.

ಉಚ್ಚಂಗೆವ್ವನಿಗೆ ಅರವತ್ತು ದಾಟಿರಬೇಕು. ಗಂಡನಿಲ್ಲ, ಬೇಸಾಯವೆಲ್ಲ ಅವಳದೇ. ನಮ್ಮನ್ನು ಕಂಡರೆ ಎಲ್ಲಿಲ್ಲದ ಮರ್ಯಾದೆ.

"ಬರ್ರಿ, ಕುಂದ್ರಿ. ರೊಟ್ಟಿ ಕೊಡ್ಲಿ? ಮಜ್ಜಿಗಿ ಕೊಡ್ಲಿ? ನಮ್ಮದೇನೂ ಇಲ್ರಿ ಯಪ್ಪಾ, ನಾವು ಕರೆಂಟ್ ಮುಟ್ಟೂ ಮಂದಿ ಅಲ್ಲ."

ಯಾರೂ ಕೇಳದೆ ಇದನ್ನು ಏಕೆ ಅಂದಳೋ.

ಸಾಹೇಬರ ಯಂತ್ರದ ಮುಳ್ಳು ಮಲಗಿದ್ದು ಏಳಲೇ ಇಲ್ಲ. ಅವರು ಬೂಟು ಬಿಚ್ಚಿ ಎಸೆದು, ಕರಿನೆಲದ ಮೇಲೆ ಹುಡುಗರ ಹಾಗೆ ಎರಡು ಸುತ್ತು ಕುಣಿದರು. ನಾನೂ ಒಂದು ಸುತ್ತು ಕುಣಿದೆ. ಯಾರಾದರೂ ನೋಡಿದರೋ ಏನೋ.

೬-೨-೮೮, ಶನಿವಾರ

ಪಟ್ಟಿ ಹೋಯಿತು. ದೇಶದಲ್ಲಿ ಇಷ್ಟು ಶಾಂತವಾದ ಬಯಲು ತಾವು ನೋಡಿಲ್ಲ ಎಂದು ಸಾಹೇಬರು ಬರೆದು, ಸಹಿ ಹಾಕಿ, ಕೆಳಗೆ ನನಗೂ ಹಾಕಲು ಹೇಳಿದರು. ಬೇರೆ ಹಾಳೆಯ ಮೇಲೆ ಹನ್ನೊಂದು ಸಲ ಹಾಕಿ ನೋಡಿಕೊಂಡು ಆಮೇಲೆ ಹಾಕಿದೆ. ಆದರೂ ಕೊನೆಯ ಪ ಒತ್ತು ಮುದುರಿಕೊಂಡಿತು.

ಮಾರ್ಚ್ ಹನ್ನೆರಡಕ್ಕೆ ದಿಲ್ಲಿಯಿಂದ ಕಮಿಟಿ ಬರುತ್ತದೆ.

ಮಂಗಳವ್ವ ಸಿರಾ ಮಾಡಿದಳು. ತಿಂದೆ. ನೌಕರಿ ಆದ ಮೇಲೆ ಮಾಡಬೇಕಿತ್ತು, ಈಗಲೇ ಮಾಡಿದ್ದು ಒಳ್ಳೆಯದಲ್ಲ ಎಂದು ಅನ್ನಿಸಿತು. ಎರಡನೆಯ ಸಲವೂ ಹಾಕಿಸಿಕೊಂಡೆ.

೧೨-೨-೮೮, ಶುಕ್ರವಾರ

ಇದನ್ನು ಬರೆಯಬೇಕೋ ಬೇಡವೋ ತಿಳಿಯದೆ ಬರೆಯುತ್ತಿದ್ದೇನೆ.

ಇಸಾಕಸಾಬನ ಜೀಪು ಕೆಟ್ಟಿತ್ತು. ಚಿಕ್ಕಹಾಳದ ಬಯಲಿನಲ್ಲಿ ಮುಳ್ಳಿನ ಯಂತ್ರ ನಿಲ್ಲಿಸಲು ನೆಟ್ಟ ಗೂಟ ಹಾಗೇ ಇದೆಯೋ ನೋಡಿ ಬನ್ನಿ ಎಂದು ಸಾಹೇಬರು ಹೇಳಿದ್ದರು. ಸೈಕಲ್ಲು ಹತ್ತಿ ಹೋದೆ. ಅಭ್ಯಾಸದಂತೆ ಟ್ರಾನ್ಸಿಸ್ಟರು ಹ್ಯಾಂಡಲ್ಲಿಗೆ ನೇತು ಹಾಕಿದ್ದೆ. ಗುಡ್ಡದ ತಿರುವು ದಾಟಿದ ತಕ್ಷಣ ಅದು ಗರ್ ಎನ್ನಲಿಲ್ಲ, ಬೊಬ್ಬೆ ಹೊಡೆಯಿತು. ಸೈಕಲ್ಲು ಸಮೇತ ಹಳ್ಳಕ್ಕೆ ಬಿದ್ದೆ. ಎದ್ದು ನೋಡಿದರೆ ಇಡೀ ಬಯಲು ಗುಂಯ್ ಎನ್ನುತ್ತಿದೆ. ಎಲ್ಲ ಬಾವಿಯ ಮೋಟಾರೂ ಓಡುತ್ತಿವೆ! ಕಂಬದ ತಂತಿಗೆ ಉದ್ದನೆಯ ಬಿದಿರು ಗಳದಿಂದ ಕೊಂಡಿ ತೂಗು ಹಾಕಿ ಕರೆಂಟು ಎಳೆದಿದ್ದಾರೆ. ಗಾಳಿ ಬಂದಾಗ ಒಂದೊಂದು ಕೊಂಡಿಯೂ ಚಟ್ ಚಟ್ ಎಂದು ನೀಲಿ ಕಿಡಿ ಕಾರುತ್ತದೆ.

ಉಚ್ಚಂಗೆವ್ವ ಹೊಲದಲ್ಲಿ ನೀರು ಕಟ್ಟುತ್ತಿದ್ದಳು. ನನ್ನನ್ನು ಕಂಡು ಸಲಿಕೆ ಕೈಬಿಟ್ಟಳು.

"ಅಯ್ಯ ಶಿವನ! ಜೀಪ ಇಲ್ಲದ ಬಂದೀಯಲ್ಲೋ ತಮ್ಮಾ? ಹಿಂಗ ಬರೂದು ನ್ಯಾಯಾ ಏನು?"

"ಯವ್ವಾ, ಇದೇನಿದು?"

"ಏನಂದ್ರ? ನೀವು ಕರೆಂಟ್ ಕಳುವು ಹಿಡ್ಯೂ ಮಂದಿ ಅಲ್ಲ? ಜೀಪ ತಿರುವಿನಾಗ ಕಂಡ ಕೂಡಲೇ ನಾ ಕೆಂಪು ಕಾಯಿ ಮ್ಯಾಲ ಬಿಳೇ ಧೋತರಾ ಹಾಸ್ತೇನಿ. ಎರಡು ಮೈಲಿ ತನಕ ಕಾಣ್ತೈತಿ. ಎಲ್ಲಾರೂ ಕೊಂಡಿ ಕಿತ್ತ ಬಿಡ್ತಾರ."

"ನಾವು ನಕ್ಷತ್ರದವರು ಯವ್ವಾ!"

"ಯಾರಿಗೆ ಗೊತ್ತೋ ಎಪ್ಪಾ! ಡಬ್ಬಿ ಹಿಡಕೊಂಡು ಕಂಬಾ ಕಂಬಾ ಮೂಸಿ ನೋಡಾಕತ್ತಿದ್ರಿ!"

ಪಟ್ಟಿ ಸುಳ್ಳು. ನನ್ನ ಸಹಿ ಇದೆ.

೧೩-೨-೮೮

ಊಟ ಸೇರಲಿಲ್ಲ.

೧೪-೨-೮೮

ಇವತ್ತೂ.

೧೬-೨-೮೮, ಮಂಗಳವಾರ

ಹೇಳಿದರೆ ಬಯಲು ಫೇಲಾಗುತ್ತದೆ, ನೌಕರಿ ಹೋಗುತ್ತದೆ. ಚಿಕ್ಕಹಾಳದವರಿಗೆ ದಂಡ ಬೀಳುತ್ತದೆ. ಹೇಳದಿದ್ದರೆ ನೌಕರಿ ಸಿಗುತ್ತದೆ, ಕೋಟಿಗಟ್ಟಲೆ ಸುರಿದು ಮೂವತ್ತು ಪರಾತ ನಿಲ್ಲಿಸುತ್ತಾರೆ, ಅವು ಆಕಾಶಕ್ಕೆ ಬಾಯಿ ತೆರೆದು ನೂರು ವರ್ಷ ಉಚ್ಚಂಗೆವ್ವನ ಮೋಟಾರು ಕೇಳುತ್ತ ಕೂರುತ್ತವೆ. ದೊಡ್ಡ ದೊಡ್ಡ ವಿಜ್ಞಾನಿಗಳು ಯಾವುದೋ ಹೊಸ ನಕ್ಷತ್ರ ಸಿಕ್ಕಿತೆಂದು ಅದಕ್ಕೆ ಹೆಸರಿಡುತ್ತಾರೆ. ಅದು ಬೆಳಿಗ್ಗೆ ನೀರು ಬಿಡುವ ಹೊತ್ತಿಗೇ ಏಕೆ ಹುಟ್ಟುತ್ತದೆ ಎಂದು ತಲೆ ಕೆರೆದುಕೊಳ್ಳುತ್ತಾರೆ.

ಇದನ್ನು ಮಂಗಳವ್ವಳಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದು ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು. ಮೂರು ದಿನದ ಮೇಲೆ ಮೂರು ರೊಟ್ಟಿ ತಿಂದೆ.

"ನಾಳೆ ಹೋಗಿ ಹೇಳಿ ಬರ್ರಿ" ಎಂದಳು.

"ನೌಕರಿ?"

"ನೌಕರಿ ಇನ್ನಾ ಬಂದಿಲ್ಲ. ಬರದಿದ್ದದ್ದು ಹೆಂಗ ಹೋಗತೈತ್ರಿ?"

೧೭-೨-೮೮, ಬುಧವಾರ

ರಾಣೇಬೆನ್ನೂರಿನ ಪ್ರವಾಸಿ ಬಂಗಲೆಯಲ್ಲಿ ಸಾಹೇಬರಿಗೆ ಹೇಳಿದೆ. ಚಹಾದ ಕಪ್ಪು ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಧೋತರದ ವಿಷಯ ಬಂದಾಗ ಚಹಾ ಮೂಗಿಗೆ ಹತ್ತಿತು. ಕೆಮ್ಮಿದರು, ನಕ್ಕರು, ಆಮೇಲೆ ಕಪ್ಪು ಕೆಳಗಿಟ್ಟರು. 

"ನನ್ನ ಹೆಸರೂ ಹೋತಲ್ರಿ ಮಾಲತೇಶಪ್ಪ. ಪಟ್ಟಿ ವಾಪಸ್ ತಗೋಬೇಕು. ಯಾರ ಯಾರ ಕೊಂಡಿ, ಹೆಸರು ಬರಕೊಡ್ರಿ."

"ಹೆಸರು ಕೊಡೂದಿಲ್ರಿ."

"ಅಂದ್ರ?"

"ಎಲ್ಲಿ ಕಿಡಿ ಹಾರತೈತಿ ಅಂತ ಬರಕೊಡ್ತೇನಿ. ಯಾರದು ಅಂತ ಬರಕೊಡೂದಿಲ್ಲ. ಮೋಟಾರಿನ ಪಟ್ಟಿ ಅಷ್ಟ ನಂದು, ಮಂದಿದಲ್ಲ. ಕಮಿಟಿ ಬರಾಕ ಇಪ್ಪತ್ನಾಕ ದಿನಾ ಐತಿ. ಕೊಂಡಿ ತಗದು ಗಟ್ಟಿ ಜೋಡಣಿ ಮಾಡಿದ್ರ ಮೋಟಾರ ಓಡಿದ್ರೂ ಗರ್ ಅನ್ನೂದಿಲ್ಲ. ಅಷ್ಟು ದಿನಾ ಕೊಡ್ರಿ."

ಸಾಹೇಬರು ನನ್ನ ಮುಖ ನೋಡಿದರು. ಮೀಸೆಗೆ ಏನಾದರೂ ಹತ್ತಿದೆಯೇನೋ ಎಂದು ಒರೆಸಿಕೊಂಡೆ. "ಕಮಿಟಿಗೆ ನಾ ಖರೇ ಹೇಳಾವ" ಎಂದರು. "ಹೇಳ್ರಿ ಮತ್ತ" ಎಂದೆ.

ಬರುವಾಗ ಬಸ್ಸು ತಪ್ಪಿಹೋಗುತ್ತದೆಂದು ಬಹಳ ಗಾಬರಿಯಾಗಿತ್ತು. ತಪ್ಪಲಿಲ್ಲ.

೨೦-೨-೮೮, ಶನಿವಾರ

ಚಿಕ್ಕಹಾಳದ ಬೇವಿನ ಕಟ್ಟೆಯ ಮೇಲೆ ಊರೆಲ್ಲ ಕೂಡಿತ್ತು, ಸಾಹೇಬರೂ ಬಂದು ಕೂತಿದ್ದರು. ನಾನು ಮಾತಾಡಿದೆ. ಹೊತ್ತು ಎಷ್ಟಾಯಿತೋ. ಒಂದು ತಾಸು ಎಂದು ಇಸಾಕಸಾಬ ಹೇಳುತ್ತಾನೆ, ಸುಳ್ಳಿರಬೇಕು. ಜನರಿಗೆ ತಿಳಿಯಲಿ ಎಂದು ಇದನ್ನು ಹೀಗೆ ಹೇಳಿದೆ. ಕಣದಲ್ಲಿ ರಾಶಿ ಅಳೆಯುವಾಗ ನಾವು ಯಾರೂ ಮಾತಾಡುವುದಿಲ್ಲ. ಮಾತಾಡಿದರೆ ಲೆಕ್ಕ ಹದಗೆಡುತ್ತದೆ, ಲಕ್ಷ್ಮಿ ನಿಲ್ಲುವುದಿಲ್ಲ. ಇವರು ಆಕಾಶದ ರಾಶಿ ಅಳೆಯುವವರು. ಒಂದೇ ವ್ಯತ್ಯಾಸವೆಂದರೆ ಇವರ ರಾಶಿ ಮುಗಿಯುವುದಿಲ್ಲ.

 ಉಚ್ಚಂಗೆವ್ವ ಎದ್ದಳು.

"ಕೊಂಡಿ ಹಾಕೂದು ನಮಗೇನು ಸೋಕಿ ಏನೋ? ಮೀಟರ ಕೊಡ್ರಿ ಅಂತ ಅರ್ಜಿ ಹಾಕಿ ನಾಕ ವರ್ಷಾತು. ಹಾಕಿಸಿ ಕೊಡಂತ ಹೇಳು ನಿಮ್ಮ ಸಾಹೇಬಗ. ಬಿಲ್ ತುಂಬತೇವಿ. ಕದ್ದು ಕದ್ದು ನನ್ನ ಧೋತರಾ ಹರದೈತಿ!"

ಕಟ್ಟೆಯೆಲ್ಲ ನಕ್ಕಿತು. ಸಾಹೇಬರು ಅಲ್ಲಿಯೇ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಬರೆದರು: ದೇಶದ ವಿಜ್ಞಾನದ ಸಲುವಾಗಿ ಈ ಮೂವತ್ತೊಂದು ಬಾವಿಗೆ ತಕ್ಷಣ ಮೀಟರು ಕೊಡಬೇಕು. ನಾಲ್ಕು ವರ್ಷ ಏಳದ ಅರ್ಜಿಗಳು ನಕ್ಷತ್ರದ ಹೆಸರು ಕೇಳಿ ಎದ್ದು ಕೂತಾವೇ, ನೋಡಬೇಕು.

೨೯-೨-೮೮, ಸೋಮವಾರ

ಎದ್ದು ಕೂತವು! ಲೈನಿನವರು ಬಂದಿದ್ದಾರೆ. ಅವರು ಕಂಬದ ಮೇಲೆ, ನಾನು ಬಾವಿಯ ಮೇಲೆ. ಹದಿನೇಳು ಬಾವಿ ಮುಗಿದವು. ಬೆಳಿಗ್ಗೆ ಹೋದವನು ಹೊತ್ತು ಮುಳುಗಿದಾಗ ಬರುತ್ತೇನೆ. ಒಂದು ಬಾವಿ ಮುಗಿದ ಕೂಡಲೇ ಮೋಟಾರು ಚಾಲೂ ಮಾಡಿ, ಪಕ್ಕದಲ್ಲಿ ಟ್ರಾನ್ಸಿಸ್ಟರು ಇಟ್ಟು, ಮಂದಿ ಎಲ್ಲ ಉಸಿರು ಬಿಗಿ ಹಿಡಿದು ಕೇಳುತ್ತಾರೆ. ಗರ್ ಅನ್ನದಿದ್ದರೆ ಹೋ ಎಂದು ಕೂಗಿ ಒಬ್ಬರ ಮೇಲೊಬ್ಬರು ನೀರು ಎರಚುತ್ತಾರೆ. ಹದಿನೇಳು ಸಲ ತೊಯ್ದೆ. ನೆಗಡಿಯಾಗಲಿಲ್ಲ. ಹೆಚ್ಚು ಬರೆಯಲು ಹೊತ್ತಿಲ್ಲ.

೧೨-೩-೮೮, ಶನಿವಾರ

ಕಮಿಟಿ ಮೂರು ಮಂದಿ. ಹಾವೇರಿ ಸ್ಟೇಷನ್ನಿನಲ್ಲಿ ಇಳಿದರು. ಅವರಿಗೆಂದು ಒಂದು ಅಂಬಾಸಿಡರ್ ಕಾರು ಬಂದಿತ್ತು, ಮುಂದೆ ನಮ್ಮ ಜೀಪು. ಇಸಾಕಸಾಬ ಬ್ಯಾಡಗಿಯ ಮೇಲೆ ಹಾಯಿಸಿ, ಊರಿನ ಹೆಮ್ಮೆ ತೋರಿಸುತ್ತೇನೆಂದು ಸೀದಾ ಮೆಣಸಿನಕಾಯಿ ಮಾರ್ಕೆಟ್ಟಿನೊಳಗೇ ನುಗ್ಗಿಸಿದ. ಕಾರಿನ ಗ್ಲಾಸು ಇಳಿಸಿತ್ತು. ದಿಲ್ಲಿಯವರು ಸೀನಲು ಶುರು ಮಾಡಿದವರು ಮೇಡ್ಲೇರಿ ಬರುವವರೆಗೂ ನಿಲ್ಲಿಸಲಿಲ್ಲ. ಮುಖ್ಯಸ್ಥರು ಬಿಳಿ ಗಡ್ಡದ ಹಿರಿಯರು. ಅವರ ಮೂಗು ಉಚ್ಚಂಗೆವ್ವನ ಬೆಳೆಯ ಬಣ್ಣಕ್ಕೆ ತಿರುಗಿತ್ತು.

ಸಾಹೇಬರು ಮೊದಲೇ ಹೇಳಿಬಿಟ್ಟರು, ಹಿಂದಿನ ಪಟ್ಟಿ ತಪ್ಪು, ಧೋತರ, ಕೊಂಡಿ, ಎಲ್ಲ. ಇಂಗ್ಲಿಷಿನಲ್ಲಿ ಹೇಳಿದರು, ಆದರೆ ಧೋತರ ಹಾಸುವುದನ್ನು ಕೈಯಲ್ಲಿ ಮಾಡಿ ತೋರಿಸಿದ್ದರಿಂದ ನನಗೂ ತಿಳಿಯಿತು. ಹಿರಿಯರು ನಗಲಿಲ್ಲ. ಮತ್ತೊಮ್ಮೆ ಸೀನಿದರು.

ಮೂವತ್ತೊಂದು ಮೋಟಾರೂ ಚಾಲೂ ಇದ್ದವು. ನಿಲ್ಲಿಸಬೇಡಿ ಎಂದು ನಾನೇ ಹೇಳಿದ್ದೆ. ಇಡೀ ಊರು ಬದುವಿನ ಮೇಲೆ ಕೂತಿತ್ತು, ಒಂದು ಕೂಸೂ ಅಳಲಿಲ್ಲ. ಮುಳ್ಳಿನ ಯಂತ್ರ ತಿರುಗಿಸಿದರು. ಮುಳ್ಳು ಮಲಗಿತ್ತು. ಮಲಗಿತ್ತು. ಒಮ್ಮೆಲೆ ಎದ್ದು ಕುಣಿಯಲು ಹತ್ತಿತು.

ಹಿರಿಯರು ತಲೆ ಅಲ್ಲಾಡಿಸಿದರು. ಸಾಹೇಬರ ಮುಖ ಬೂದಿಯಾಯಿತು. ಬದುವಿನ ಮೇಲೆ ಯಾರೋ "ಯಾರಲೇ ಅದು ಕೊಂಡಿ ಹಾಕಿದಾವಾ!" ಎಂದು ಚೀರಿದರು. ನಾನು ಟ್ರಾನ್ಸಿಸ್ಟರು ಎದೆಗೆ ಹಿಡಿದು ತಿರುಗಿದೆ. ಬಾವಿಯ ಕಡೆ ಕಡಿಮೆ. ಕಂಬದ ಕಡೆ ಕಡಿಮೆ. ಕಮಿಟಿಯ ಕಡೆ ಜಾಸ್ತಿ! ಹಿರಿಯರ ಹತ್ತಿರ ಹೋದೆ, ಅವರನ್ನು ಬದಿಗೆ ಸರಿಸಿದೆ, ಹಿಂದಕ್ಕೆ ಓಡಿದೆ. ಬೇವಿನ ಗಿಡದ ಹಿಂದೆ ಅವರ ಕಾರು ಆಗಷ್ಟೇ ಎಂಜಿನ್ನು ಚಾಲೂ ಮಾಡಿಕೊಂಡು ನಿಂತಿತ್ತು. ಒಳಗೆ ಫ್ಯಾನು ಹಾಕಿಕೊಂಡು ಡ್ರೈವರು ಮಲಗಿದ್ದ.

"ಸಾಹೇಬ್ರ, ನಿಮ್ಮ ಕಾರ ಬಂದ್ ಮಾಡ್ರಿ ಮೊದಲ! ಇಡೀ ಊರು ಸುಮ್ಮನ ಕುಂತೈತಿ, ನಿಮ್ಮದೊಂದ ಗದ್ದಲಾ!" ಎಂದು ಕೂಗಿದೆನಂತೆ. ಇಸಾಕಸಾಬ ಹೇಳಿದ್ದು.

ಕಾರು ಬಂದಾಯಿತು. ಮುಳ್ಳು ಮಲಗಿತು. ಅರ್ಧ ತಾಸು ಮಲಗಿಯೇ ಇತ್ತು. ಆಮೇಲೆ ಹಿರಿಯರು ನಕ್ಕರು. ಗಡ್ಡ ಮೊದಲು ಅಲ್ಲಾಡಿತು, ಆಮೇಲೆ ಹೊಟ್ಟೆ. ಬದುವಿನ ಮೇಲೆ ಕೂತವರು ನೀರು ಎರಚಲು ಓಡಿದರು. ದಿಲ್ಲಿಯವರು ತೊಯ್ದು ಹೋದರು.

೨೮-೩-೮೮, ಸೋಮವಾರ

ಕಾಗದ ಬಂತು. ಸಾಹೇಬರು ಅಂಗಡಿಗೇ ಬಂದು ಓದಿ ಹೇಳಿದರು. ಎರಡು ಬಯಲು ಉಳಿದಿವೆ, ನಮ್ಮದೊಂದು. ಮಳೆ, ಗಾಳಿ, ಬೇಸಿಗೆ ಎಲ್ಲ ದಾಟಿ ಇಡೀ ಒಂದು ವರ್ಷ ಹೀಗೇ ಶಾಂತವಿದ್ದರೆ ಪಾಸು. ಅದನ್ನು ದಿನಾಲೂ ಕೇಳಿ ಬರೆದಿಡಲು ಒಬ್ಬರನ್ನು ನೇಮಿಸಬೇಕು. ಹೆಸರು ಕಾಗದದಲ್ಲಿಯೇ ಇತ್ತು. ನನ್ನದು. ಒಂದು ವರ್ಷ ಪಗಾರ. ಬಯಲು ಪಾಸಾದರೆ ಪರ್ಮನೆಂಟು.

"ಸಾಲಿ ಎಷ್ಟನೇತ್ತೆ ಅಂತ ಕೇಳ್ಯಾರೇನ್ರಿ?"

"ಕೇಳ್ಯಾರ. ಅನುಭವ ಅಂತ ಬರದು ಕಳಿಸೇನಿ."

ಅವತ್ತು ಅಂಗಡಿಯಲ್ಲಿ ಬಾಕಿ ಇದ್ದ ಎರಡು ಮೋಟಾರಿಗೂ ತಂತಿ ಸುತ್ತಿ ಮುಗಿಸಿದೆ. ಹಾಡಿಕೊಂಡು ಸುತ್ತಿದೆ ಎಂದು ಎದುರು ಅಂಗಡಿಯವನು ದೂರು ಹೇಳಿದ.

೩-೪-೮೮, ರವಿವಾರ

ಬೆಳಿಗ್ಗೆ ಮಂಗಳವ್ವ ಅಲ್ಲಾಡಿಸಿ ಎಬ್ಬಿಸಿದಳು. ಎಂಟು ಹೊಡೆದಿತ್ತು. ಅಂಗಳದಲ್ಲಿ ಉಚ್ಚಂಗೆವ್ವ, ಹಿಂದೆ ಚಿಕ್ಕಹಾಳದ ಹತ್ತು ಹನ್ನೆರಡು ಮಂದಿ. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಟ್ರಾನ್ಸಿಸ್ಟರು. ಎಲ್ಲಿಂದ ತಂದರೋ. ಯಾರ ಕಣ್ಣಿನಲ್ಲೂ ನಿದ್ದೆ ಮಾಡಿದ ಗುರುತಿಲ್ಲ.

"ತಮ್ಮಾ, ಒಂದ ವರ್ಷ ಅಂತಲ್ಲೋ. ಮಳಿಗಾಲದಾಗ ತಂತಿ ತೊಯ್ದು ಗರ್ ಅಂದ್ರ?"

"ಗಾಳಿಗೆ ಕಂಬಾ ಬಾಗಿದ್ರ?"

"ಪರಊರಿನ ಬೀಗರು ಫಟಫಟಿ ತಗೊಂಡು ಬಂದ್ರ? ಬರಬ್ಯಾಡ್ರಿ ಅನ್ನಾಕ ಆಗತೈತೇನು?"

"ಆ ಇನ್ನೊಂದು ಬಯಲಿನವರು ನಮ್ಮಕಿಂತ ಸುಮ್ಮನಿದ್ರ?"

ನಾನು ಮುಖ ತೊಳೆದುಕೊಂಡು ಬಂದೆ. ಮಂಗಳವ್ವ ಎಲ್ಲರಿಗೂ ಚಹಾ ಕೊಟ್ಟಳು.

"ಆದಾಗ ನೋಡೂಣ ತಗೊಳವ್ವಾ" ಎಂದೆ. "ಗರ್ ಅಂದ್ರ ಹುಡುಕೂಣ. ಸಿಕ್ಕರ ಬಿಗಿಯೂಣ. ಚಹಾ ಕುಡೀರಿ, ಆರಾಕತ್ತೈತಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗೂ ಸಮಾಧಾನ ಆದಂತೆ ಕಾಣಲಿಲ್ಲ. ಮಂದಿ ಇಷ್ಟು ಸಣ್ಣ ವಿಷಯಕ್ಕೆ ಏಕೆ ಇಷ್ಟು ಗಾಬರಿಯಾಗುತ್ತಾರೋ, ನನಗಂತೂ ತಿಳಿಯುವುದಿಲ್ಲ.